ಊರಿನ ಹೆಸರು ಬಿಟ್ಟು ಹಾಡುವುದು

ಆ ವಿಡಿಯೊ ನಿಮ್ಮ ವಾಟ್ಸ್‌ಆ್ಯಪ್‌ಗೂ ಬಂದಿರಬಹುದು. ಗಾಲಿಕುರ್ಚಿಯಲ್ಲಿ ಕೂತ ಬಿಳಿಕೂದಲಿನ ಹೆಂಗಸು, ಎದುರಿಗೆ ಗಿಟಾರ್ ನುಡಿಸುವವರ ಬೆನ್ನು, ಪಕ್ಕದಲ್ಲಿ ಮೈಕ್ ಹಿಡಿದ ನಾನು. ಜೊತೆಗೆ ಹಂಚುವ ಕಥೆ ಇಷ್ಟು: ಸ್ಟ್ರೋಕ್ ಆಗಿ ಮಾತು ಹೋಗಿದ್ದ ತಾಯಿ ಹಳೆಯ ಹಾಡು ಕೇಳಿ ಬಾಯಿ ತೆರೆದಳು, ತಾನು ಎಲ್ಲಿರಬೇಕೆಂದು ತಾನೇ ಹೇಳಿದಳು, ಮಕ್ಕಳ ಜಗಳ ಅಲ್ಲಿಗೇ ಮುಗಿಯಿತು. ಕೆಳಗೆ ಕೈಮುಗಿದ ಚಿತ್ರಗಳು. ಸಂಗೀತಕ್ಕೆ ಭಾಷೆಯಿಲ್ಲ ಎಂದು ಯಾರೋ ಸೇರಿಸಿದ್ದಾರೆ.

ನನಗೆ ಈ ಕಥೆಯ ಪ್ರತಿ ವಾಕ್ಯದ ಮೇಲೂ ತಕರಾರಿದೆ. ಕೊನೆಯದರಿಂದ ಶುರು ಮಾಡುತ್ತೇನೆ. ಸಂಗೀತಕ್ಕೆ ಭಾಷೆಯಿಲ್ಲ ಎನ್ನುವವರು ಒಂದೇ ಹಾಡನ್ನು ಆರೇಳು ಭಾಷೆಗಳಲ್ಲಿ ಹಾಡಿ ಮನೆ ಬಾಡಿಗೆ ಕಟ್ಟಿದವರಲ್ಲ. ನಾನು ಕಟ್ಟಿದ್ದೇನೆ. ಇಲ್ಲಿಯ ಗಿರಾವೀನ್ ಬಡಾವಣೆಯ ಎರಡು ಕೋಣೆಯ ಯೂನಿಟ್ಟಿನ ರೆಂಟ್ ಬಹುಕಾಲ ಆ ಹಾಡಿನಿಂದಲೇ ಹೋಗಿದೆ.

ನಿವೃತ್ತರ ಅನುಭವ ಬರೆಯುವ ವಯಸ್ಸು ನನಗಾಗಿಲ್ಲ ಎಂದು ನಗುವವರು ನಗಲಿ. ಮೂವತ್ತು ದಾಟಿ ಸ್ವಲ್ಪವೇ ಆಗಿದೆ. ಆದರೆ ಗಂಟಲಿನಲ್ಲಿ ಗಂಟು ಕಟ್ಟಿತು, ಡಾಕ್ಟರು ಹಾಡಿ ದುಡಿಯುವುದು ಸಾಕು ಎಂದರು. ಕೆಲಸ ಮತ್ತೆ ಸಿಗದ ಹಾಗೆ ಬಿಟ್ಟುಹೋದರೆ ಅದನ್ನು ನಿವೃತ್ತಿ ಎನ್ನದೆ ಇನ್ನೇನು ಎನ್ನಬೇಕು? ವೃದ್ಧರನ್ನು ನೋಡಿಕೊಳ್ಳುವ ಏಜ್ಡ್ ಕೇರ್ ಹೋಮ್‌ಗಳಲ್ಲಿ, ವಲಸಿಗರ ಕ್ಲಬ್ಬುಗಳಲ್ಲಿ ಹಾಡುವ ಕೆಲಸಕ್ಕೆ ಸೇರಬೇಕೆಂದು ನಮ್ಮ ಕನ್ನಡದ ಹುಡುಗಿಯರು ಈಚೆಗೆ ಕೇಳುತ್ತಾರೆ. ಅವರಿಗಾಗಿ ಇದು. ಪುಣ್ಯದ ಕೆಲಸ ಅಂತ ಯಾರಾದರೂ ಹೇಳಿದರೆ ಒಂದು ಕ್ಷಣ ಅನುಮಾನಿಸಿ. ಕಾಲೇಜಿನ ಚರ್ಚಾಕೂಟಗಳಲ್ಲಿ ನಾನು ಕಲಿತದ್ದು ಅದೊಂದೇ.

ಮೊದಲು ಹಾಡಿನ ವಿಷಯ. ರೇಡಿಯೊ ಕಾಲದ ಅಮೆರಿಕನ್ ಕಂಟ್ರಿ ಹಾಡು, ಪಾಪ್‌ನ ಸಕ್ಕರೆ ಬೆರೆಸಿದ್ದು. ಬಸ್ ನಿಲ್ದಾಣದ ಕಿಂಡಿಯ ಮುಂದೆ ನಿಂತ ಹೆಂಗಸೊಬ್ಬಳು ಟಿಕೆಟ್ ಕೇಳುತ್ತಾಳೆ: ಒಂದೇ ಸೀಟು, ಕಿಟಕಿ ಪಕ್ಕ, ಇಂಥ ಊರಿಗೆ. ಪಲ್ಲವಿಯ ಕೊನೆಯ ಪದ ಆ ಊರಿನ ಹೆಸರು. ಮೂಲದಲ್ಲಿ ಅದು ಅಮೆರಿಕದ ಯಾವುದೋ ಸಣ್ಣ ಊರು, ಹಾಡಿಲ್ಲದಿದ್ದರೆ ಯಾರೂ ಕೇಳುತ್ತಿರಲಿಲ್ಲ. ಹಾಡು ಗೆದ್ದಿತು. ಗೆದ್ದ ಕೂಡಲೇ ಬೇರೆ ಬೇರೆ ದೇಶದವರು ಎತ್ತಿಕೊಂಡರು. ಇಟಲಿಯವರು ಬಸ್ಸನ್ನು ರೈಲು ಮಾಡಿದರು, ಗ್ರೀಕರು ಹಡಗು ಮಾಡಿದರು. ವಿಯೆಟ್ನಾಮಿನ ಆವೃತ್ತಿಯಲ್ಲಿ ಟಿಕೆಟ್ ಕೇಳುವವನು ಗಂಡಸು. ಮಂಗಳೂರಿನ ಕೊಂಕಣಿ ಬ್ಯಾಂಡೊಂದು ಬೊಂಬಾಯಿಯಿಂದ ಹೊರಡುವ ಬಸ್ಸು ಮಾಡಿ ಕೊನೆಗೆ 'ಕೊಡಿಯಾಲ್' ಎಂದು, ಅಂದರೆ ಮಂಗಳೂರೆಂದು, ಹಾಡಿತು. ಬೆಂಗಳೂರಿನ ಆರ್ಕೆಸ್ಟ್ರಾದವರು ಕನ್ನಡದಲ್ಲೂ ಮಾಡಿದ್ದಾರೆ, ಆ ಬಸ್ಸು ಶಿವಮೊಗ್ಗಕ್ಕೆ ಹೋಗುತ್ತದೆ. ರಾಗ ಒಂದೇ, ಕಿಂಡಿ ಒಂದೇ. ಬದಲಾಗುವುದು ವಾಹನ ಮತ್ತು ಊರು.

ಇದನ್ನು ಮೊದಲು ಗಮನಿಸಿದ್ದು ಹೆನ್ರಿ ಅಂಕಲ್. ಮಂಗಳೂರಿನ ಕ್ಯಾಥೊಲಿಕರು, ಲಿವರ್‌ಪೂಲಿನಲ್ಲಿ ಮನೆ (ಫುಟ್‌ಬಾಲಿನ ಊರಲ್ಲ, ನಮ್ಮ ನಗರದ್ದೇ ಬಡಾವಣೆ), ವರ್ಷಗಟ್ಟಲೆ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸಿ ನಿವೃತ್ತರಾದ ಮೇಲೆ ಗಿಟಾರಿಗೆ ಮರಳಿದವರು. ನನಗೆ ಗುರು, ಡ್ರೈವರ್, ಎದುರುವಾದಿ ಎಲ್ಲ ಅವರೇ. ಯಾವ ಮಾತಿಗೂ ನಾನು ಸಾಕ್ಷಿ ಕೇಳುತ್ತೇನೆಂದು ನನ್ನನ್ನು 'ಲಾಯರ್' ಎಂದು ಕರೆಯುತ್ತಿದ್ದರು. ಅವರ ಉಪಾಯ ಇದು: ಹಾಡು ಕೊನೆಯ ಪದಕ್ಕೆ ಬಂದಾಗ ನಾವಿಬ್ಬರೂ ಸುಮ್ಮನಾಗಿ ಊರಿನ ಜಾಗ ಖಾಲಿ ಬಿಡಬೇಕು. ಕೇಳುತ್ತಿರುವವರು ತಮ್ಮ ಊರು ತುಂಬುತ್ತಾರೆ.

"ನೀನು ಹಾಡಿದ್ರೆ ಅದು ನಿನ್ನ ಹಾಡು ಮಾರಾಯ್ತಿ. ಬಿಟ್ರೆ ಅವರದ್ದು," ಎಂದಿದ್ದರು.

ನಾನು ಇದನ್ನು ಸುಮ್ಮನೆ ಒಪ್ಪಿದವಳಲ್ಲ. ಎಲ್ಲ ಮುದುಕರೂ ಹುಟ್ಟಿದೂರನ್ನೇ ಹಂಬಲಿಸುತ್ತಾರೆ ಎಂಬ ಊಹೆ ಅದರೊಳಗಿತ್ತು. ಅದು ಸುಳ್ಳೆಂದು ಕಲಿಯಲು ಬಹಳ ದಿನ ಬೇಕಾಗಲಿಲ್ಲ. ಮ್ಯಾರಿಕ್‌ವಿಲ್‌ನ ಹೋಮ್ ಒಂದರಲ್ಲಿ ಗ್ರೀಕ್ ಅಜ್ಜಿಯೊಬ್ಬಳ ಮುಂದೆ ಖಾಲಿ ಬಿಟ್ಟು, ಯಾವುದೋ ದ್ವೀಪದ ಹೆಸರು ಬರುತ್ತದೆಂದು ಮುಖದಲ್ಲಿ ಕರುಣೆ ತುಂಬಿಕೊಂಡು ಕಾದೆ. ಅವಳು ಗಟ್ಟಿಯಾಗಿ 'ಮ್ಯಾರಿಕ್‌ವಿಲ್' ಎಂದಳು. ಹಾಡು ಮುಗಿದ ಮೇಲೆ, ನನ್ನ ಮನೆ ಎರಡು ಬೀದಿಯಾಚೆ ಇದೆ, ಮಗ ಬೀಗ ಹಾಕಿಟ್ಟಿದ್ದಾನೆ, ಟಿಕೆಟ್ ಯಾಕೆ, ನಡೆದೇ ಹೋಗುತ್ತೇನೆ, ಎಂದು ಬೈದಳು. ಕ್ಯಾಬ್ರಮಟ್ಟಾದಲ್ಲಿ ವಿಯೆಟ್ನಾಮಿನವರೊಬ್ಬರು ತುಂಬಿದ್ದು ತಮ್ಮ ಊರನ್ನಲ್ಲ, ದೇಶ ಬಿಟ್ಟು ಬಂದಾಗ ದೋಣಿಯಿಂದ ಇಳಿದ ನಿರಾಶ್ರಿತರ ಶಿಬಿರದ ಹೆಸರನ್ನು. ಅಷ್ಟು ಕಷ್ಟದ ಜಾಗಕ್ಕೆ ಯಾರಾದರೂ ಟಿಕೆಟ್ ಕೇಳುತ್ತಾರೆಯೇ ಎಂದು ನಾನು ವಾಪಸು ಬರುವಾಗ ವಾದ ಹೂಡಿದೆ. ಮುಂದಿನ ಭೇಟಿಯಲ್ಲಿ ಅವರ ಹೆಂಡತಿ ಹೇಳಿದರು, ಮಗಳು ಹುಟ್ಟಿದ್ದು ಅಲ್ಲಿ.

ನನ್ನ ದೊಡ್ಡ ಎಡವಟ್ಟು ಒಂದು ಕ್ಲಬ್ಬಿನ ಶನಿವಾರ ಮಧ್ಯಾಹ್ನದ್ದು. ಖಾಲಿ ಜಾಗ ಬಂತು, ಎರಡು ಮೂಲೆಯಿಂದ ಇಬ್ಬರು ಹಿರಿಯರು ಎರಡು ಹೆಸರು ಕೂಗಿದರು. ನನಗೆ ಸ್ಪಷ್ಟವಾಗಿ ಕೇಳಿದ್ದನ್ನು ಮೈಕಿನಲ್ಲಿ ಖುಷಿಯಿಂದ ಮರುಹಾಡಿದೆ. ಎರಡೂ ಒಂದೇ ಊರಿನ ಹೆಸರುಗಳು, ಒಂದು ಯುದ್ಧಕ್ಕೆ ಮುಂಚಿನದು, ಇನ್ನೊಂದು ನಂತರದ್ದು ಎಂದು ನನಗೆ ಹೇಗೆ ಗೊತ್ತಾಗಬೇಕು? ಕುರ್ಚಿಗಳು ಸರಿದವು, ಒಬ್ಬರ ಬಿಯರು ಇನ್ನೊಬ್ಬರ ಅಂಗಿಯ ಮೇಲಾಯಿತು. ಹೆನ್ರಿ ಅಂಕಲ್ ನಿಲ್ಲಿಸದೆ ಒಂದು ವಾಲ್ಟ್ಸ್ ನುಡಿಸುತ್ತಾ ನನ್ನನ್ನು ಬಾಗಿಲ ಕಡೆಗೆ ತಳ್ಳಿಕೊಂಡು ಹೋದರು. ಕಾರಿನಲ್ಲಿ ಕೂತ ಮೇಲೆ ಒಂದೇ ಮಾತು: "ಜನ ಹೇಳಿದ್ದನ್ನು ಕೇಳು, ವಾಪಸು ಹೇಳ್ಬೇಡ." ಅಂದಿನಿಂದ ಖಾಲಿ ಬಿಡುವಾಗೆಲ್ಲ ಮೈಕನ್ನು ಬಾಯಿಂದ ದೂರ ಹಿಡಿಯತೊಡಗಿದೆ.

ನಮಗೆ ಕೆಲಸ ಹುಡುಕಿಕೊಡುತ್ತಿದ್ದವಳು ಗ್ಲೆನಿಸ್. ಸಣ್ಣ ಏಜೆನ್ಸಿ, ದೊಡ್ಡ ಗಂಟಲು. ಕೆಟ್ಟವಳಲ್ಲ. ಹೋಮ್‌ಗಳಲ್ಲಿ ವಾದ ಮಾಡಬಾರದು, ಔಷಧಿಯ ಬಗ್ಗೆ ಮಾತಾಡಬಾರದು, ಕುಟುಂಬದವರ ನಡುವೆ ಬರಬಾರದು ಎಂಬ ಮೂರು ನಿಯಮ ಅವಳದು. ಮೂರನ್ನೂ ನಾನು ಮುರಿದಿದ್ದೇನೆ. ಅವಳು ತಂದ ಬದಲಾವಣೆ ಟ್ಯಾಬ್ಲೆಟ್ ಕಂಪ್ಯೂಟರ್. ಗಿಟಾರಿನವರ ಸಂಬಳ ಉಳಿಸಲು ಹಿನ್ನೆಲೆ ಸಂಗೀತವನ್ನು ರೆಕಾರ್ಡ್ ಮಾಡಿಸಿ ಕೊಟ್ಟಳು. ಯಂತ್ರದಲ್ಲೂ ಊರಿನ ಜಾಗ ಖಾಲಿ ಇತ್ತು, ಆದರೆ ಅದು ಕಾಯುತ್ತಿರಲಿಲ್ಲ. ತಾಳದ ಅಳತೆ ಮುಗಿದ ಕೂಡಲೇ ಡ್ರಮ್ ಬೀಳುತ್ತಿತ್ತು, ಬಾಯಿ ತೆರೆದ ಮುದುಕರು ಹಾಗೇ ಉಳಿಯುತ್ತಿದ್ದರು. ಹೆನ್ರಿ ಅಂಕಲ್ ಆದರೆ ಒಂದೇ ತಂತಿಯನ್ನು ಮೆಲ್ಲನೆ ಮೀಟುತ್ತಾ, ಪದ ಬರುವ ತನಕ ಬಸ್ಸನ್ನು ನಿಲ್ಲಿಸಿಕೊಂಡಿರುತ್ತಿದ್ದರು. ಅದಕ್ಕೇ ಲಿವರ್‌ಪೂಲಿನ ಹೋಮ್ ಅವರೇ ಬೇಕೆಂದು ಹಟ ಹಿಡಿಯಿತು. ಮುಂದೆ ನಾನು ಹೇಳುವುದಕ್ಕೆ ಈ ಕಾಯುವಿಕೆ ಮುಖ್ಯ.

ವಿಡಿಯೊದಲ್ಲಿರುವ ಸೆವ್ರಿನ್ ಬಾಯಿ ಇದ್ದದ್ದು ಅಲ್ಲೇ. ಮಂಗಳೂರು ಕಡೆಯ ಹಿರಿಯ ಹೆಂಗಸು, ಹೆಸರಿನ ಜೊತೆಯ 'ಬಾಯಿ' ಕೊಂಕಣಿಯಲ್ಲಿ ಗೌರವದ ಮಾತು. ಸ್ಟ್ರೋಕಿನ ನಂತರ ಮಾತು ಪೂರ್ತಿ ಹೋಗಿತ್ತು, ತಲೆ ಆಡಿಸಿದರೂ ಹೌದೋ ಅಲ್ಲವೋ ತಿಳಿಯುತ್ತಿರಲಿಲ್ಲ. ಮಗಳು ಲವೀನಾ ನಗರದ ಇನ್ನೊಂದು ತುದಿಯ ಸ್ಕೋಫೀಲ್ಡ್ಸ್‌ನಲ್ಲಿ ಹೊಸ ಮನೆ ಕಟ್ಟಿಸಿದ್ದಳು. ಅಲ್ಲಿಂದ ದಿನಾ ಸಂಜೆ ಟ್ರಾಫಿಕ್ಕಿನಲ್ಲಿ ಲಿವರ್‌ಪೂಲಿಗೆ ಬಂದು, ತಾಯಿಗೆ ಗಂಜಿ ಕುಡಿಸಿ, ಮತ್ತೆ ಅಷ್ಟೇ ದೂರ ಹೋಗುತ್ತಿದ್ದಳು. ಮಗ ನೆವಿಲ್ ವಿಮಾನ ಹತ್ತಿ ಹೋಗಬೇಕಾದಷ್ಟು ದೂರದ ಮೆಲ್ಬರ್ನ್‌ನಲ್ಲಿ. ಅವನ ಮನೆಯ ಬೀದಿಯಲ್ಲೇ ಒಳ್ಳೆಯ ಹೋಮ್ ಇದೆ, ಮಮ್ಮಿಯನ್ನು ಅಲ್ಲಿಗೆ ಕರೆದೊಯ್ಯುತ್ತೇನೆ ಎನ್ನುತ್ತಿದ್ದ. ಲವೀನಾ ಬಿಡುತ್ತಿರಲಿಲ್ಲ. ತಾಯಿಯ ಪರವಾಗಿ ತೀರ್ಮಾನಿಸಲು ಇಬ್ಬರಿಗೂ ಸಮಾನ ಹಕ್ಕು. ಒಬ್ಬರು ಸಹಿ ಹಾಕಿದರೆ ಇನ್ನೊಬ್ಬರು ತಡೆಯುತ್ತಿದ್ದರು. ತಾಯಿಗೆ ಏನು ಬೇಕು ಎಂದು ತಾಯಿಯೇ ಹೇಳಬೇಕಿತ್ತು, ಅವರೋ ಹೇಳಲಾರರು.

ಆದರೆ ಹಾಡಬಲ್ಲವರಾಗಿದ್ದರು. ಮಾತು ಹೋದವರಲ್ಲಿ ಹಾಡು ಉಳಿಯುವುದು ಪವಾಡವಲ್ಲ, ಈ ಕೆಲಸದಲ್ಲಿ ನೀವೂ ನೋಡುತ್ತೀರಿ. ಹೆನ್ರಿ ಅಂಕಲ್ ಕೊಂಕಣಿ ಆವೃತ್ತಿ ಶುರು ಮಾಡಿದರೆ ಸೆವ್ರಿನ್ ಬಾಯಿ ಕಣ್ಣು ಮಿಟುಕಿಸದೆ ಅವರ ಮುಖ ನೋಡುತ್ತಾ ಗುನುಗುತ್ತಿದ್ದರು. ಖಾಲಿ ಜಾಗ ಬಂದಾಗ ಅಂಕಲ್ ಕಾಯುತ್ತಿದ್ದರು. ಕಾದು ಕಾದು, ತುಂಬಾ ತಡವಾಗಿ, ಒಡೆದ ದನಿಯಲ್ಲಿ ಬರುತ್ತಿತ್ತು: ಕೊಡಿಯಾಲ್. ಪ್ರತಿ ಸಲವೂ ಅಷ್ಟೇ ತಡ, ಅದೇ ಪದ.

ನೆವಿಲ್ ಮೆಲ್ಬರ್ನ್‌ನಿಂದ ಬಂದಿದ್ದ ದಿನ ಅವನೇ ಫೋನ್ ಹಿಡಿದು ವಿಡಿಯೊ ಮಾಡಿದ. ಲವೀನಾ ಗೋಡೆಗೊರಗಿ ನಿಂತಿದ್ದಳು. ಆ ವಾರವಷ್ಟೇ ಸ್ಟಿಯರಿಂಗ್ ಹಿಡಿದಿರುವಾಗಲೇ ತೂಕಡಿಸಿ, ಕಾರು ಮೋಟರ್‌ವೇ ಅಂಚಿನ ಕಂಬಿಗೆ ಉಜ್ಜಿತ್ತು. ಅದನ್ನು ಅವಳು ಅಣ್ಣನಿಗೆ ಹೇಳಿರಲಿಲ್ಲ. ಹೆನ್ರಿ ಅಂಕಲ್‌ಗೆ ಹೇಳಿದ್ದಳು, ಅಂಕಲ್ ನನಗೆ ಹೇಳಿದ್ದರು. ಹಾಡು ಶುರುವಾಯಿತು. ಖಾಲಿ ಜಾಗ ಬಂತು. ಸೆವ್ರಿನ್ ಬಾಯಿ ಹಾಡಿದರು: ಮೆಲ್ಬರ್ನ್.

ನೆವಿಲ್ ಮೊಣಕಾಲೂರಿ ತಾಯಿಯ ಮಡಿಲಲ್ಲಿ ತಲೆಯಿಟ್ಟ. ಅಲ್ಲಿಗೆ ವಿಡಿಯೊ ಮುಗಿಯುತ್ತದೆ.

ಮರುವಾರ ಹೋಮ್‌ನವರು ಕುಟುಂಬದ ಸಭೆ ಕರೆದರು. ಹಾಡುವಾಗ ಇದ್ದವರೆಂದು ನಮ್ಮನ್ನೂ ಕರೆಸಿದ್ದರು. ನೆವಿಲ್ ವಿಡಿಯೊ ತೋರಿಸಿದ. ಗ್ಲೆನಿಸ್‌ಳ ನಿಯಮ ಮರೆತು ನಾನು ಕೈ ಎತ್ತಿದೆ. ಹಾಡಿನ ಪದ ಉತ್ತರವಲ್ಲ, ಎಂದೆ. ಹಾಡಿನ ಓಘದಲ್ಲಿ ಬಾಯಿ ಏನನ್ನೂ ತುಂಬುತ್ತದೆ, ಅದರ ಮೇಲೆ ಒಬ್ಬರನ್ನು ಊರು ಬಿಡಿಸಬಾರದು, ಬೇರೆ ರೀತಿಯಲ್ಲೂ ಕೇಳಿ ನೋಡಿ, ಚಿತ್ರ ತೋರಿಸಿ ಕೇಳಿ. ನನಗೆ ನನ್ನ ವಾದ ಹಿಡಿಸಿತ್ತು.

ನೆವಿಲ್ ಕೋಪಿಸಿಕೊಳ್ಳಲಿಲ್ಲ. "ಕೊಡಿಯಾಲ್ ಅಂತ ಹಾಡಿದ್ರೆ ನಾನೂ ಹಾಗೇ ಅಂತಿದ್ದೆ, ಹಾಡಲ್ಲಿರೋದು ಹಾಡಿದ್ಲು ಅಂತ. ಆದ್ರೆ ಮೆಲ್ಬರ್ನ್ ಆ ಹಾಡಲ್ಲೇ ಇಲ್ವಲ್ಲ. ಅದು ಎಲ್ಲಿಂದ ಬಂತು, ನೀವೇ ಹೇಳಿ," ಎಂದ.

ಎಷ್ಟೋ ವೇದಿಕೆ ಹತ್ತಿದ್ದೇನೆ, ಇಷ್ಟು ಚೊಕ್ಕವಾಗಿ ಸೋತದ್ದಿಲ್ಲ. ಸಹಾಯಕ್ಕೆಂದು ಹೆನ್ರಿ ಅಂಕಲ್ ಕಡೆ ನೋಡಿದೆ. ಅವರು ತಮ್ಮ ಶೂ ನೋಡುತ್ತಿದ್ದರು. ಲವೀನಾ ಕಡೆ ನೋಡಿದೆ, ಅವಳಾದರೂ ಎದುರಾಡುತ್ತಾಳೆಂದು. ಅವಳು, "ಮಮ್ಮಿಯೇ ಹೇಳಿದ್ಮೇಲೆ ನಾನೆಂತ ಹೇಳ್ಲಿಕ್ಕುಂಟು?" ಎಂದು ಪೆನ್ನು ಕೇಳಿದಳು. ಅಳುತ್ತಿದ್ದಳು ನಿಜ. ಆದರೆ ಭುಜಗಳು ಕೆಳಗಿಳಿದಿದ್ದವು, ತುಂಬ ದೂರದಿಂದ ಹೊತ್ತು ತಂದ ಚೀಲವನ್ನು ನೆಲಕ್ಕಿಟ್ಟವರ ಹಾಗೆ. ಇದನ್ನು ಆಗ ನೋಡಿದೆ, ಅರ್ಥ ಮಾಡಿಕೊಳ್ಳಲಿಲ್ಲ.

ಸೆವ್ರಿನ್ ಬಾಯಿ ಮೆಲ್ಬರ್ನ್‌ಗೆ ಹೋದರು. ವಿಡಿಯೊ ಊರೂರು ತಿರುಗಿತು. ಗ್ಲೆನಿಸ್‌ಗೆ ಬುಕಿಂಗ್ ಹೆಚ್ಚಿತು, ನನ್ನನ್ನು ಬೈಯುವುದನ್ನೂ ಮರೆತಳು.

ಅದೇ ಹೊತ್ತಿಗೆ ನನ್ನ ದನಿ ಒಡೆಯತೊಡಗಿತು. ಮೇಲಿನ ಸ್ವರಕ್ಕೆ ಹೋದರೆ ಗಾಳಿ ಮಾತ್ರ ಬರುತ್ತಿತ್ತು. ಡಾಕ್ಟರು ಸ್ಪೀಚ್ ಥೆರಪಿಸ್ಟ್ ಬಳಿಗೆ ಕಳಿಸಿದರು. ಆಕೆ ಸ್ಟ್ರೋಕ್ ಆದವರಿಗೂ ಮಾತು ಕಲಿಸುವವಳು. ಮಾತಿಗೆ ಮಾತು ಬಂದು ಕೇಳಿದೆ, ಪದ ಸಿಗದವರಿಗೆ ಪದ ಹೇಗೆ ಕೊಡುತ್ತೀರಿ? ಹೇಳಿಕೊಡುವುದೇ ಬೇಡ, ಎಂದಳು ಆಕೆ. ಅವರು ನಮ್ಮ ಬಾಯಿಯನ್ನೇ ನೋಡುತ್ತಿರುತ್ತಾರೆ. ದನಿಯಿಲ್ಲದೆ ತುಟಿಯನ್ನು ಮೊದಲ ಅಕ್ಷರದ ಆಕಾರಕ್ಕೆ ತಂದರೆ ಸಾಕು, ಎಷ್ಟೋ ಸಲ ಪದ ಥಟ್ಟನೆ ಹೊರಗೆ ಬೀಳುತ್ತದೆ.

ಥಟ್ಟನೆ ಎಂಬ ಆ ಪದ ನನ್ನ ಜೊತೆ ಟ್ರೈನು ಹತ್ತಿತು. ಮನೆಗೆ ಬಂದು ವಿಡಿಯೊ ಹಾಕಿದೆ. ಎಲ್ಲರಂತೆ ನಾನೂ ಅದುವರೆಗೆ ಸೆವ್ರಿನ್ ಬಾಯಿಯ ಮುಖವನ್ನಷ್ಟೇ ನೋಡಿದ್ದೆ. ಈಗ ನೋಡಿದ್ದು ಅವರು ಏನನ್ನು ನೋಡುತ್ತಿದ್ದಾರೆ ಎಂದು. ಹೆನ್ರಿ ಅಂಕಲ್ ಬಾಯಿ. ನಮಗೆ ಕಾಣುವುದು ಅವರ ಬೆನ್ನು, ಕಿವಿ, ದವಡೆಯ ಒಂದು ಅಂಚು. ಖಾಲಿ ಜಾಗ ಬರುತ್ತದೆ. ಕಾಯುವಿಕೆ ಇಲ್ಲ. ಒಂದು ತಂತಿ ಮೀಟುವಷ್ಟರಲ್ಲಿ ಪದ ಬಂದಿದೆ. ಕೊಡಿಯಾಲ್‌ಗೆ ಅಷ್ಟು ಹೊತ್ತು ತೆಗೆದುಕೊಂಡವರು, ಹಾಡಿನಲ್ಲೇ ಇಲ್ಲದ ಪದಕ್ಕೆ ಹೊತ್ತೇ ತೆಗೆದುಕೊಂಡಿಲ್ಲ. ಮತ್ತೆ 'ಮ' ಎನ್ನಲು ಎರಡು ತುಟಿ ಸೇರಲೇಬೇಕು, 'ಕ' ಎನ್ನಲು ಬೇಡ. ಆ ಕ್ಷಣದಲ್ಲಿ ದವಡೆಯ ಅಂಚು ಮೇಲಕ್ಕೆ ಹೋಗುತ್ತದೆಯೋ ಇಲ್ಲವೋ? ಒಮ್ಮೆ ಹೋದಂತೆ ಕಾಣುತ್ತದೆ. ಮತ್ತೊಮ್ಮೆ ಅವರು ಉಗುಳು ನುಂಗಿದರೇನೋ ಅನಿಸುತ್ತದೆ.

ಎದುರು ಪಕ್ಷವನ್ನೂ ಹೇಳುತ್ತೇನೆ. ನೆವಿಲ್ ದಿನಾ ವಿಡಿಯೊ ಕಾಲ್ ಮಾಡಿ ಮೆಲ್ಬರ್ನ್, ಮೆಲ್ಬರ್ನ್ ಎನ್ನುತ್ತಿದ್ದ. ಆ ಪದ ಕಿವಿಯಲ್ಲಿ ಹಣ್ಣಾಗಿ ತಾನೇ ಬಿದ್ದಿರಬಹುದು. ಅವರಿಗೆ ನಿಜವಾಗಿ ಮಗನ ಬಳಿ ಹೋಗಬೇಕಿದ್ದಿರಲೂಬಹುದು. ಜನ ಹೇಳಿದ್ದನ್ನು ಕೇಳು ಎಂದು ನನಗೆ ಪಾಠ ಹೇಳಿದ ಮನುಷ್ಯ ಹಾಗೆ ಮಾಡುತ್ತಾರೆಯೇ? ಆದರೆ ಅದೇ ಮನುಷ್ಯನಿಗೆ ಲವೀನಾಳ ಕಾರು ಕಂಬಿಗೆ ಉಜ್ಜಿದ್ದು ಗೊತ್ತಿತ್ತು.

ಅಂಕಲ್‌ರನ್ನೇ ಕೇಳಬಹುದಿತ್ತು, ಕೇಳಲಿಲ್ಲ. ಹೌದು ಎಂದುಬಿಟ್ಟರೆ ನಾನೇನು ಮಾಡಬೇಕು? ಯಾರಿಗೆ ಹೇಳಬೇಕು? ವಾರಗಟ್ಟಲೆ ಆ ಪ್ರಶ್ನೆಯನ್ನು ನುಂಗಿಕೊಂಡು ಅವರ ಪಕ್ಕ ನಿಂತು ಹಾಡಿದೆ. ಗಂಟಲು ಹಾಳಾಗಿದ್ದು ಹಾಡಿನಿಂದ ಎನ್ನುತ್ತಾರೆ ಡಾಕ್ಟರು. ನಾನು ಅದನ್ನೂ ಪೂರ್ತಿ ನಂಬುವುದಿಲ್ಲ.

ಕೊನೆಯ ಬುಕಿಂಗ್ ಮೆಲ್ಬರ್ನ್‌ನಲ್ಲೇ ಬಂತು. ಆಮೇಲೆ ಹಾಡಬಾರದು, ಅಗತ್ಯವಿಲ್ಲದೆ ಮಾತೂ ಆಡಬಾರದು ಎಂದಾಗಿತ್ತು. ನೆವಿಲ್ ತಾನೇ ಕರೆಸಿದ್ದ. ಅವನ ಬಗ್ಗೆ ಕೆಟ್ಟದು ಹೇಳಲು ನನ್ನಲ್ಲಿ ಏನೂ ಇಲ್ಲ. ಕೋಣೆ ಬೆಳಕಾಗಿತ್ತು, ಸೆವ್ರಿನ್ ಬಾಯಿಯ ತಲೆ ನೀಟಾಗಿ ಬಾಚಿತ್ತು, ಮೈ ತುಂಬಿಕೊಂಡಿದ್ದರು. ಮೊಮ್ಮಕ್ಕಳು ಬಂದು ಇಂಗ್ಲಿಷಿನಲ್ಲಿ ವರದಿ ಒಪ್ಪಿಸಿ ಹೋಗುತ್ತಿದ್ದರು. ಲವೀನಾ ತಿಂಗಳಿಗೊಮ್ಮೆ ವಿಮಾನದಲ್ಲಿ ಬರುತ್ತಾಳಂತೆ, ರಾತ್ರಿ ನಿದ್ದೆ ಬರುತ್ತಿದೆಯಂತೆ. ಎಲ್ಲ ಸರಿಯಾಗಿಯೇ ಇತ್ತು. ಅದೇ ನನ್ನನ್ನು ಇನ್ನಷ್ಟು ಕಂಗೆಡಿಸಿತು.

ನೆವಿಲ್ ಮತ್ತೆ ಫೋನ್ ಹಿಡಿದ. ಹೆನ್ರಿ ಅಂಕಲ್ ಕೊಂಕಣಿ ಹಾಡು ಎತ್ತಿಕೊಂಡರು. ಖಾಲಿ ಜಾಗ ಬರುವ ಮುಂಚೆಯೇ ತಲೆ ತಗ್ಗಿಸಿ, ಗದ್ದವನ್ನು ಎದೆಗೊತ್ತಿ, ತಂತಿಗಳನ್ನೇ ನೋಡತೊಡಗಿದರು. ಹಾಗೆ ನುಡಿಸಿದ್ದನ್ನು ನಾನು ಎಂದೂ ನೋಡಿರಲಿಲ್ಲ. ಒಂದೇ ತಂತಿ ಮೀಟುತ್ತಾ ಕಾದರು. ಸೆವ್ರಿನ್ ಬಾಯಿ ಅವರ ನೆತ್ತಿಯನ್ನು ನೋಡಿದರು. ಬಗ್ಗಿ ನೋಡಿದರು. ಪದ ಬರಲಿಲ್ಲ. ಕೊಡಿಯಾಲ್ ಇಲ್ಲ, ಮೆಲ್ಬರ್ನ್ ಇಲ್ಲ. ಕೊನೆಗೆ ಸ್ವಾಧೀನವಿದ್ದ ಎಡಗೈಯನ್ನು ಮೆಲ್ಲಗೆ ಚಾಚಿ, ಅಂಕಲ್ ಗದ್ದದ ಕೆಳಗೆ ಬೆರಳಿಟ್ಟು, ಮಗುವಿನ ಮುಖ ಎತ್ತುವ ಹಾಗೆ ಎತ್ತಿದರು. ಎತ್ತಿ, ಬಾಯಿ ನೋಡುತ್ತಾ ಕೂತರು. ಅಂಕಲ್ ಬಾಯಿ ಅರೆತೆರೆದು ಹಾಗೇ ನಿಂತಿತು, ಯಾವ ಕಡೆಗೂ ಅಲುಗದಂತೆ ಹಿಡಿದಿಟ್ಟ ಹಾಗೆ.

"ಮಮ್ಮಿಗೆ ಇವತ್ತು ಸುಸ್ತು," ಎಂದು ನೆವಿಲ್ ಫೋನ್ ಕೆಳಗಿಳಿಸಿದ.

ವಿಮಾನ ನಿಲ್ದಾಣಕ್ಕೆ ಬಾಡಿಗೆ ಕಾರು ಹೆನ್ರಿ ಅಂಕಲ್ ಓಡಿಸುತ್ತಿದ್ದರು. ಎಂದಿನಂತೆ ನನ್ನನ್ನು ಕೆಣಕಲಿಲ್ಲ. ಮಾತು ಬೇಡವೆಂದು ಡಾಕ್ಟರು ಹೇಳಿದ್ದಾರಲ್ಲ, ಸುಮ್ಮನಿರು, ಎಂದರು ಒಮ್ಮೆ, ನಾನು ಬಾಯಿ ತೆರೆಯುವ ಮೊದಲೇ. ಟೋಲ್ ರಸ್ತೆಯ ಎತ್ತರದ ಗೋಡೆಗಳು ಎರಡೂ ಕಡೆ ಹಿಂದಕ್ಕೆ ಹೋಗುತ್ತಿದ್ದವು. ಲಿವರ್‌ಪೂಲಿನಲ್ಲಿ ಸೆವ್ರಿನ್ ಬಾಯಿಯ ಕಿಟಕಿಯಿಂದ ಕಾಣುತ್ತಿದ್ದ ನೀಲಗಿರಿ ಮರ, ಲವೀನಾಳ ಇಳಿದ ಭುಜ, ಗದ್ದದ ಕೆಳಗಿನ ಬೆರಳು ಎಲ್ಲ ಒಟ್ಟಿಗೆ ಬಂದವು. ನನ್ನಲ್ಲಿ ಉಳಿದಿದ್ದ ದನಿ ಎಷ್ಟು ಪ್ರಶ್ನೆಗಾಗುತ್ತದೋ ಗೊತ್ತಿರಲಿಲ್ಲ. ಒಂದಕ್ಕಂತೂ ಆಗುತ್ತಿತ್ತು.

"ಅಂಕಲ್, ಆವತ್ತು ಲಿವರ್‌ಪೂಲಲ್ಲಿ, ಊರಿನ ಹೆಸರು ಬರೋ ಜಾಗದಲ್ಲಿ, ನಿಮ್ಮ ತುಟಿ ಮುಚ್ಚಿತ್ತಾ?"